ವಿಮಾನ ಹತ್ತದವನ ಚೀಲ
(ಏಳನೆಯ ಕಂತು)

ಚೀಲದೊಳಗೆ ಪ್ರಯಾಣದ ಸಾಮಾನು ಒಂದೂ ಇರಲಿಲ್ಲ.

ಸೊಲ್ಲಾಪುರ ವಿಮಾನ ನಿಲ್ದಾಣದ ಕಚೇರಿಯಲ್ಲಿ ಅಕ್ಕನಾಗಮ್ಮ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟಳು. ಹಳೆಯ ಸೊಲ್ಲಾಪುರಿ ಚಾದರಗಳು, ಅಂಚು ಬಿಚ್ಚಿದವು, ತೊಳೆದು ತೊಳೆದು ಬಣ್ಣ ಹೋದವು. ಅಂಗಿಯಿಲ್ಲ, ಪ್ಯಾಂಟಿಲ್ಲ, ಹಲ್ಲುಜ್ಜುವ ಬ್ರಶ್ ಕೂಡ ಇಲ್ಲ. ತಳದಲ್ಲಿ ಬಿಳಿ ಅರಿವೆಯ ಒಂದು ಗಂಟು.

"ಬುತ್ತಿ!" ಎಂದ ಬಾಗಿಲಲ್ಲಿ ನಿಂತಿದ್ದ ರಾಚಪ್ಪ. ಎಸ್‌ಟಿ ಸರಕಾರಿ ಬಸ್ಸಿನ ಡ್ರೈವರನಾಗಿದ್ದು ನಿವೃತ್ತನಾದವನು, ಈಗ ಅಕ್ಕನಾಗಮ್ಮನ ಕಾರು ಓಡಿಸುತ್ತಾನೆ. "ವಿಮಾನದಾಗ ಹೋಗಾಂವ ಬುತ್ತಿ ಯಾಕ ಒಯ್ತಾನ? ತಾಸಿನ ಹಾದಿ ಅದು."

"ನಿನ್ನ ಬಸ್ಸಿನಾಗ ಕುಂತೂ ಕುಂತೂ ಮಂದಿಗಿ ರೂಢಿ ಬಿದ್ದೈತಿ," ಎಂದಳು ಅಕ್ಕನಾಗಮ್ಮ. "ಎಲ್ಲಿ ಕೆಟ್ಟು ನಿಲ್ತೈತೋ ಅಂತ ಜೀಂವಾ ಹಿಡಕೊಂಡು ಕುಂದರತಿದ್ರು."

ಸಾರಿಕಾ ನಗಲಿಲ್ಲ. ಅವಳು ಮಾಣಿಕ ಏರ್ ಕಂಪನಿಯ ಸೊಲ್ಲಾಪುರ ಠಾಣೆಯ ಮುಖ್ಯಸ್ಥೆ. ಮುಂಬಯಿಗೆ ಹೋಗುವ ವಿಮಾನ ಇಲ್ಲಿ ಪದೇ ಪದೇ ತಡವಾಗುತ್ತಿತ್ತು. ಅವಳೇ ಬೇಕಂತ ತಡಮಾಡಿಸುತ್ತಾಳೆ, ಯಾರಿಂದಲೋ ಲಂಚ ತಿನ್ನುತ್ತಾಳೆ ಎಂದು ಮುಂಬಯಿಯ ಕಚೇರಿ ಅವಳಿಗೆ ನೋಟೀಸು ಕೊಟ್ಟಿತ್ತು. ಅದಕ್ಕೇ ಅವಳು ಅಕ್ಕನಾಗಮ್ಮನನ್ನು ಹುಡುಕಿಕೊಂಡು ಹೋಗಿದ್ದಳು.

ಅಕ್ಕನಾಗಮ್ಮ ಪೊಲೀಸ್ ಖಾತೆಯಲ್ಲಿ ಹವಾಲ್ದಾರಳಾಗಿದ್ದವಳು, ಈಗ ಜನರ ಇಂಥ ಗಂಟುಗಳನ್ನು ಬಿಡಿಸಿಕೊಡುತ್ತಾಳೆ. ಮಾತು ಕಡಿಮೆ. ಎದುರಿನವರು ಹೇಳಿ ಮುಗಿಸುವ ತನಕ ಕಾಯುತ್ತಾಳೆ, ಮುಗಿಸಿದ ಮೇಲೂ ಸ್ವಲ್ಪ ಕಾಯುತ್ತಾಳೆ. ಆ ಹೊತ್ತಿನಲ್ಲೇ ಜನ ನಿಜ ಹೇಳುತ್ತಾರೆ.

"ಮತ್ತೊಮ್ಮಿ ಹೇಳು," ಎಂದಳು. "ಪ್ರತೀ ಸಲ ಏನಾಗತೈತಿ?"

"ಪ್ರತೀ ಸಲ ಹಿಂಗಽ ಅಕ್ಕಾ. ಯಾರೋ ಒಬ್ಬ ಪ್ರವಾಸಿ ಬರತಾನ. ಟಿಕೀಟ ಖರೇ ಇರತೈತಿ, ಆಧಾರ ಕಾರ್ಡ ಖರೇ ಇರತೈತಿ. ಚೀಲಾ ಕೊಡತಾನ. ನಾವು ಅದನ್ನ ವಿಮಾನದ ಹೊಟ್ಯಾಗ ಹಾಕತೀವಿ. ಎಲ್ಲಾರೂ ಹತ್ತತಾರ, ಅಂವಾ ಒಬ್ಬಾಂವ ಹತ್ತೂದಿಲ್ಲ. ಒಬ್ಬಾಂವಗ ಎದಿ ನೂವು. ಒಬ್ಬಾಂವಗ ಮನಿಯಿಂದ ಫೋನು. ನಿನ್ನೆ ಈ ಹುಡಗ, ಆಯಿ ತೀರಕೊಂಡ್ಲು ಅಂತ ಅಳಕೋತ ಓಡಿದಾ. ಚೀಲಾ ಕೇಳಾಕೂ ತಿರಗಿ ಬರಲಿಲ್ಲ."

"ಹೋದ್ರ ಹೋಗವಲ್ನ್ಯಾಕ," ಎಂದ ರಾಚಪ್ಪ. "ನಾವಾದ್ರ ಘಂಟಿ ಹೊಡದು ಗಾಡಿ ಬಿಡತಿದ್ವಿ. ಉಳದಾಂವ ಉಳದಾ."

"ಕಾಕಾ, ಅದು ಎಸ್‌ಟಿ. ಇಲ್ಲಿ ಮಾಲಕ ಹತ್ತಲಿಲ್ಲಂದ್ರ ಅವನ ಚೀಲಾನೂ ಹೋಗಂಗಿಲ್ಲ. ಒಳಗ ಏನಿಟ್ಟಾನೋ ಯಾರಿಗ್ಗೊತ್ತು? ಕಾಯ್ದೆ ಐತಿ. ಒಂದು ಚೀಲ ಹುಡಕಾಕ ಎಲ್ಲಾ ಚೀಲ ಕೆಳಗ ತಗೀಬೇಕು. ಹಮಾಲರು ಇಬ್ಬರಽ ಅದಾರ. ಅಷ್ಟರಾಗ ಮುಂಬೈ ಪಾಳಿ ಚುಕ್ಕತೈತಿ."

ಪಾಳಿ ಚುಕ್ಕುವುದು, ಅಂದರೆ ಸರದಿ ತಪ್ಪುವುದು, ಎಂದರೆ ಇದು. ಮುಂಬಯಿಯಲ್ಲಿ ಒಂದರ ಹಿಂದೆ ಒಂದು ವಿಮಾನ ಇಳಿಯುತ್ತಲೇ ಇರುತ್ತದೆ. ಇಂಥ ಕಂಪನಿಯ ವಿಮಾನ ಇಂಥ ಹೊತ್ತಿಗೆ ಇಳಿಯಬೇಕು ಎಂದು ಮೊದಲೇ ಹಂಚಿ ಇಟ್ಟಿರುತ್ತಾರೆ, ಕಾಲುವೆಯ ನೀರು ಹಂಚಿದ ಹಾಗೆ. ನಿನ್ನ ಸರದಿಯಲ್ಲಿ ನೀನು ಒಡ್ಡು ತೆರೆಯದಿದ್ದರೆ ನೀರು ಮುಂದಿನ ಹೊಲಕ್ಕೆ ಹೋಗುತ್ತದೆ. ಹಂಗಾಮಿನಲ್ಲಿ ಅದು ಹಲವು ಸಲ ಆದರೆ ಸರದಿಯನ್ನೇ ಕಸಿದುಕೊಂಡು ಇನ್ನೊಬ್ಬರಿಗೆ ಕೊಡುತ್ತಾರೆ. ಒಮ್ಮೆ ಹೋದ ಪಾಳಿ ಹಣ ಸುರಿದರೂ ಸಿಗುವುದಿಲ್ಲ.

"ಇನ್ನ ಎಷ್ಟ ಸಲ ಚುಕ್ಕಿದ್ರ ನಡೀತೈತಿ?"

"ಇನ್ನ ಇಲ್ಲ ಅಕ್ಕಾ." ಸಾರಿಕಾಳ ದನಿ ಸಣ್ಣದಾಯಿತು. "ಇವತ್ತ ಚುಕ್ಕಿತಂದ್ರ ಮುಗೀತು. ಸೊಲ್ಲಾಪುರದ ಪಾಳಿ ಹೋಗತೈತಿ. ಪಾಳಿ ಇಲ್ಲದ ಊರಿಗಿ ವಿಮಾನಾ ಯಾಕ? ತಗದು ಬ್ಯಾರೆ ಊರಿಗಿ ಹಾಕತಾರ. ನನ್ನ ಮ್ಯಾಲ ಪೊಲೀಸ ಫಿರ್ಯಾದಿ ಆಗತೈತಿ. ಆಮ್ಯಾಲ ದೇಶದಾಗಿನ ಯಾವ ಕಂಪನಿನೂ ನನ್ನ ಬಾಗಿಲದಾಗ ನಿಂದ್ರಸಂಗಿಲ್ಲ."

ಅಕ್ಕನಾಗಮ್ಮ ಗಂಟು ಬಿಚ್ಚಿದಳು. ತೆಳ್ಳಗೆ ಬಡಿದು ಒಣಗಿಸಿದ ಕಟಕ ರೊಟ್ಟಿ. ಶೇಂಗಾ ಚಟ್ನಿಯ ಪುಡಿ. ಒಂದು ಉಳ್ಳಾಗಡ್ಡಿ. ಅದರ ಬದಿಗೆ ಒಂದು ಇದ್ದಿಲಿನ ಚೂರು. ದೂರದ ಹಾದಿಯಲ್ಲಿ ಬುತ್ತಿಯ ಬೆನ್ನಿಗೆ ದೆವ್ವ ಗಾಳಿ ಹತ್ತಬಾರದೆಂದು ಹಳೆಯ ಹೆಂಗಸರು ಇದ್ದಿಲು ಇಡುತ್ತಾರೆ.

ಅವಳು ಆ ಚೂರನ್ನು ಬಹಳ ಹೊತ್ತು ನೋಡಿದಳು.

"ಚಾದರ ತುಂಬಿದಾಂವ ಬ್ಯಾರೆ. ಬುತ್ತಿ ಕಟ್ಟಿದಾಕಿ ಬ್ಯಾರೆ," ಎಂದಳು ಕಡೆಗೆ. "ಅಂವಗ ಹೋಗೂ ಮನಸಽ ಇರಲಿಲ್ಲ. ಆದ್ರ ಆ ಮನ್ಯಾಗ ಯಾರೋ ಒಬ್ಬಾಕಿ, ಅಂವಾ ಹೊಂಟಾನಂತ ನಂಬ್ಯಾಳ. ಅವನ ಕಣ್ಣು ತಪ್ಪಿಸಿ ಚೀಲದ ತಳಕ ಇಟ್ಟಾಳ."

"ಅದರಿಂದ ಏನಾತು?"

"ಗೊತ್ತಿದ್ದಾಂವ ಬಾಯಿ ಬಿಡೂದಿಲ್ಲ ಸಾರಿಕಾ. ನಂಬಿದಾಕಿ ಹೇಳತಾಳ. ಹುಡಗನ ಊರು ಯಾವದು?"

"ಮೈಂದರ್ಗಿ. ಹೆಸರು ಯುವರಾಜ."

ಆಗ ಬಾಗಿಲು ತಟ್ಟಿ ಒಬ್ಬ ಒಳಗೆ ಬಂದ. ಬಿಳಿ ಅಂಗಿ, ನೀಟಾಗಿ ಬಾಚಿದ ಕೂದಲು. ಉದಯಕುಮಾರ. ಯಾವ ವಿಮಾನ ಯಾವ ಊರಿಗೆ, ಯಾವ ಹೊತ್ತಿಗೆ ಎಂದು ಮುಂಬಯಿಯಲ್ಲಿ ಕುಳಿತು ಮಾರ್ಗ ಹಾಕುವ, ಅದೇ ಕಂಪನಿಯ ಅಧಿಕಾರಿ. ಇಲ್ಲಿಯ ಗೊಂದಲ ನೋಡಲು ನಿನ್ನೆ ಬಂದಿದ್ದ.

ಅವನು ಮರಾಠಿಯಲ್ಲಿ ಮಾತಾಡಿದ. ತಾನು ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ನಿಮ್ಮ ಕನ್ನಡ ಒಂದಕ್ಷರವೂ ತಿಳಿಯುವುದಿಲ್ಲ, ಕ್ಷಮಿಸಬೇಕು ಎಂದ. ಮೇಜಿನ ಮೇಲಿನ ರೊಟ್ಟಿ ನೋಡಿ ನಕ್ಕ.

"ಒಂದೇ ವಿಮಾನ, ಅಜ್ಜಿ. ಬೆಳಿಗ್ಗೆ ಗೋವಾ, ಮಧ್ಯಾಹ್ನ ಸೊಲ್ಲಾಪುರ, ಸಂಜೆ ನಾಂದೇಡ. ಮಗ್ಗದ ಲಾಳಿಯ ಹಾಗೆ ಆಡುತ್ತಲೇ ಇರಬೇಕು. ಇಲ್ಲಿ ದಾರ ಸಿಕ್ಕಿಕೊಂಡರೆ ಇಡೀ ದಿನದ ನೇಯ್ಗೆ ಹಾಳು. ನೆಲದ ಮೇಲೆ ನಿಂತ ವಿಮಾನದಷ್ಟು ದಂಡದ ವಸ್ತು ಇನ್ನೊಂದಿಲ್ಲ." ಸಾರಿಕಾಳತ್ತ ತಿರುಗಿ ದನಿ ಮೃದು ಮಾಡಿದ. "ಹೆದರಬೇಡ. ಇವತ್ತು ನಾನೂ ಇದೇ ವಿಮಾನದಲ್ಲಿ ವಾಪಸು ಹೋಗುತ್ತಿದ್ದೇನೆ. ನನ್ನ ಕಣ್ಣೆದುರೇ ಸರಿಯಾದ ಹೊತ್ತಿಗೆ ಹೊರಡಲಿ. ಹೋಗಿ ನಿನ್ನ ಪರವಾಗಿ ಹೇಳುತ್ತೇನೆ."

ಸಾರಿಕಾಳ ಕಣ್ಣು ತುಂಬಿತು.

ಅಕ್ಕನಾಗಮ್ಮ ಬುತ್ತಿಯನ್ನು ಮೊದಲಿದ್ದಂತೆಯೇ ಕಟ್ಟಿ ಕೈಯಲ್ಲಿ ಹಿಡಿದು ಹೊರಗೆ ನಡೆದಳು.

*

ಹೋಟಗಿ ರಸ್ತೆಗೆ ಬಿದ್ದ ಮೇಲೆ ರಾಚಪ್ಪ ಬಾಯಿ ತೆರೆದ.

"ನಂಗ ಟ್ರಾವೆಲ್ಸ್ ಕಾಮಣ್ಣನ ಮ್ಯಾಲ ಸಂಶೇ ಐತಿ. ಮುಂಬೈಕ ಅವನ ಸ್ಲೀಪರ ಬಸ್ ಎಷ್ಟ ಓಡತಾವ! ವಿಮಾನಾ ಬಂದ ಮ್ಯಾಲ ಪೇಠದ ಸಾವಕಾರ್ರು ಒಬ್ಬರೂ ಅವನ ಬಸ್ಸಿನಾಗ ಮಲಗವಲ್ರು."

"ಕಾಮಣ್ಣಗ ಸಿಟ್ಟ ಬಂದ್ರ ಕಲ್ಲ ಒಗೀತಾನ. ಪಾಳಿ ಅಂದ್ರೇನು, ಎಷ್ಟ ಸಲ ಚುಕ್ಕಿದ್ರ ಹೋಗತೈತಿ, ಅದು ಅವನ ತಲಿಗಿ ಹೊಳ್ಯಾಂಗಿಲ್ಲ. ಇದನ್ನ ಮಾಡಾಂವ ಒಳಗಿನ ಲೆಕ್ಕಾ ಬಲ್ಲಾಂವ."

ವಿಮಾನಪಟ್ಟಿಯ ಬೇಲಿ ಹಿಂದೆ ಸರಿಯಿತು. ಮೊದಲು ಆ ಬೇಲಿಯೊಳಗೆ ಕುರಿ ಮೇಯುತ್ತಿದ್ದವು. ಮಂತ್ರಿಗಳು ಬಂದರೆ ಮಾತ್ರ ಕುರಿ ಹೊಡೆದು ಓಡಿಸುತ್ತಿದ್ದರು. ಊರು ವರ್ಷಗಟ್ಟಲೆ ಕಾಯ್ದು ಪಡೆದ ವಿಮಾನ ಇದು.

ಅಕ್ಕಲಕೋಟೆಯಲ್ಲಿ ಗುರುವಾರದ ಭಕ್ತರ ಗದ್ದಲ. ಪುಣೆ, ಮುಂಬಯಿಯ ಗಾಡಿಗಳು ರಸ್ತೆ ತುಂಬ ನಿಂತಿದ್ದವು. ಅದನ್ನು ದಾಟಿ ಮೈಂದರ್ಗಿ ಮುಟ್ಟುವಾಗ ಬಿಸಿಲು ನೆತ್ತಿಯಿಂದ ಇಳಿಯತೊಡಗಿತ್ತು.

ಯುವರಾಜನ ಮನೆಯ ಮುಂದೆ ಸಾವಿನ ಕಳೆ ಇರಲಿಲ್ಲ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕುಳಿತು ತೊಗರಿ ಸುಲಿಯುತ್ತಿದ್ದಳು. ನಿನ್ನೆ ತೀರಿಕೊಂಡ ಆಯಿ, ಅಂದರೆ ಅಜ್ಜಿ, ಅವಳೇ ಇರಬೇಕು.

ಒಳಗಿನಿಂದ ಬಂದ ಹೆಂಗಸು ಅಕ್ಕನಾಗಮ್ಮನ ಕೈಯಲ್ಲಿದ್ದ ಬಿಳಿ ಗಂಟು ನೋಡಿದಳು. ಅವಳ ಮುಖ ಅರಳಿತು, ಮರುಕ್ಷಣ ಬಾಡಿತು.

"ನಮ್ಮ ಬುತ್ತಿ! ನೀವು ಕಂಪನಿಯವರೇನ್ರಿ? ಯುವರಾಜ ಉಣ್ಣಲಿಲ್ಲೇನು? ಮುಂಬೈದಾಗ ಹೆಂಗದಾನ್ರಿ ನನ್ನ ಮಗ?"

ರಾಚಪ್ಪ ಅಕ್ಕನಾಗಮ್ಮನ ಮುಖ ನೋಡಿದ. ಅವಳು ಕಟ್ಟೆಯ ಮೇಲೆ ಕುಳಿತಳು.

"ನಿಮ್ಮ ಹೆಸರೇನ್ರಿ?"

"ಸೋಮವ್ವ. ಒಳಗ ಬರ್ರಿ, ಚಾ ಮಾಡತೀನಿ."

"ಇಲ್ಲೇ ಕುಂದರತೀನಿ. ಮುಂಬೈಕ ಯಾಕ ಹೋದಾ ಅಂತ ಹೇಳ್ಯಾನ?"

"ಟ್ರೇನಿಂಗಕ. ವಿಮಾನದಾಗ ನೌಕರಿ ಸಿಕ್ಕೈತಲ್ರಿ! ಎಂಐಡಿಸಿ ಕಾರಖಾನಿ ಏರಿಯಾದ ಗೋಡೌನದಾಗ ಪೆಟಗಿ ಎತ್ತತಿದ್ದ. ಸಾಹೇಬ್ರು ಮನಿಗಿ ಬಂದು ಹೇಳಿ ಹ್ವಾದ್ರು. ಮನಿಗಿ ಅಲ್ಲ, ಹೊಲಕ್ಕ. ವೇಳಮಾಸಿ ದಿವಸ."

ವೇಳಮಾಸಿ ಎಂದರೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ಆ ದಿನ ಈ ಭಾಗದಲ್ಲಿ ಮನೆಗೆ ಬೀಗ ಹಾಕಿ ಎಲ್ಲರೂ ಹೊಲದಲ್ಲೇ ಇರುತ್ತಾರೆ. ಜೋಳದ ದಂಟಿನ ಕೊಂಪೆ ಕಟ್ಟಿ ಪೂಜೆ ಮಾಡಿ, ಒಬ್ಬರು ಕೂಗಿ ಉಳಿದವರು ಓಗೊಡುತ್ತ ಪೈರಿಗೆ ಎಡೆಯ ಅನ್ನದ ಚರಗ ಚೆಲ್ಲಿ, ಹಾದಿಯಲ್ಲಿ ಹೋಗುವವರನ್ನೂ ಕೈ ಹಿಡಿದು ಕೂಡಿಸಿ ಉಣಿಸುತ್ತಾರೆ. ಯಾರನ್ನು ನೋಡಬೇಕಾದರೂ ಅಂದು ಹೊಲಕ್ಕೇ ಹೋಗಬೇಕು.

"ಉಂಡ್ರೇನು ಸಾಹೇಬ್ರು?" ಸೋಮವ್ವ ಒಳಗೆ ಹೋಗಿ ಮಾಡಿ ತಂದ ಚಹಾ ತೆಗೆದುಕೊಳ್ಳುತ್ತ ಅಕ್ಕನಾಗಮ್ಮ ಕೇಳಿದಳು.

"ಉಣ್ಣದ ಏನ್ರಿ! ತಪ್ಪಲ ಕಾಳಿನ ಭಜ್ಜಿ ಎರಡ ಸಲ ಹಾಕಿಸಿಕೊಂಡ್ರು. ಮುಂಬೈ ಮಂದಿ, ಅಂಬಲಿ ಕುಡೀತಾರೋ ಇಲ್ಲೋ ಅಂತ ನಾ ಅಂಜಿದ್ರ, ತಂಬಿಗಿನ ಎತ್ತಿ ಕುಡದ್ರು. ಮೂಲ್ಯಾಗ ಹಾಸಿದ ಕಂಬಳಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತಿದ್ರು, ಮನಿ ಅಳಿಯನಂಗ." ಸೋಮವ್ವ ನಕ್ಕಳು. "ಮ್ಯಾಲ ಒಂದ ಮಜಾ ಆತು. ಇವರಪ್ಪ ಚರಗ ಚೆಲ್ಲಾಕ ಹೊಂಟು, ಹುಲಿಗ್ಯೋ ಹುಲಿಗ್ಯೋ ಅಂತ ಕೂಗಿದ್ರು. ನಾವು ಹಿಂದಿಂದ ಅನ್ನೂಕಿಂತ ಮೊದಲಽ, ಸಾಹೇಬ್ರು ಕುಂತಲ್ಲಿಂದ ಚಳಾಂಬ್ರಿಗ್ಯೋ ಅಂದಬಿಟ್ರು. ಎಂಥಾ ದನಿ! ಬಾಜೂ ಹೊಲದವ್ರು ತಿರಗಿ ನೋಡಿದ್ರು."

ಅಕ್ಕನಾಗಮ್ಮ ಚಹಾದ ಬಟ್ಟಲು ಕೆಳಗಿಟ್ಟಳು.

"ಮುಂಬೈದವ್ರಿಗಿ ಅದನ್ನ ಯಾರು ಕಲಿಸಿದ್ರು?"

"ನಾನೂ ಅದನ್ನಽ ಕೇಳಿದೆ. ಮಾರಿ ಒಂಥರಾ ಆತು. ಎಲ್ಲೋ ಕೇಳಿದ್ದೆ ಅಂದ್ರು. ಕೇಳಿದ ಮಾತಲ್ಲರಿ ಅದು. ಸಣ್ಣಾಂವ ಇದ್ದಾಗ ಹೊಲದಾಗ ಓಡ್ಯಾಡಿ ಕೂಗಿದವ್ರಿಗಿ ಅಷ್ಟ ಲಗೂ ಬರತೈತಿ, ತಡದ್ರೂ ನಿಂದರಂಗಿಲ್ಲ."

ಅಕ್ಕನಾಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈ ಮಣ್ಣಿನಲ್ಲಿ ಬೆಳೆದ ಒಬ್ಬ ಮನುಷ್ಯ, ವಿಮಾನದ ಒಳಲೆಕ್ಕ ಬಲ್ಲವನು, ತಾನು ಇಲ್ಲಿಯವನಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಕನ್ನಡ ಒಂದಕ್ಷರವೂ ತಿಳಿಯದೆಂದು ಇಂದೇ ಒಬ್ಬ ಅವಳ ಮುಂದೆ ಹೇಳಿದ್ದ. ಹಾಗಂತ ಅದೊಂದರ ಮೇಲೆ ಬೆರಳು ಮಾಡಲಾಗದು.

ಆಗ ಓಣಿಯ ತಿರುವಿನಲ್ಲಿ ಮೋಟಾರ್‌ಸೈಕಲ್ಲಿನ ಸದ್ದಾಯಿತು.

ಇಪ್ಪತ್ತೆರಡರ ಹುಡುಗ, ಗಡ್ಡ ಬೆಳೆದಿತ್ತು, ಅಂಗಿಗೆ ಜೋಳದ ಕಣಕಿಯ ಧೂಳು. ಕಟ್ಟೆಯ ಮೇಲಿನವರನ್ನು ನೋಡಿ ಬ್ರೇಕು ಹಿಡಿದ. ಗಾಡಿ ತಿರುಗಿಸಬೇಕೆನ್ನುವಷ್ಟರಲ್ಲಿ ರಾಚಪ್ಪ ಹ್ಯಾಂಡಲ್ಲಿಗೆ ಕೈ ಹಾಕಿ ನಿಂತಿದ್ದ.

"ಮುಂಬೈದಿಂದ ಭಾಳ ಲಗೂ ಬಂದೀಪಾ," ಎಂದ. "ನನ್ನ ಬಸ್ಸಿಗಿ ಹಿಂಗ ಓಡಾಕ ಬಂದಿದ್ರ ನಂಗ ಬಕ್ಷೀಸ ಕೊಡತಿದ್ರು."

ಸೋಮವ್ವ ಮೆಟ್ಟಿಲಿಳಿದಳು. ಮಗನ ಮುಖ, ಧೂಳು ಹಿಡಿದ ಅಂಗಿ, ಮತ್ತೆ ಬುತ್ತಿಯ ಗಂಟು. ಮೂರನ್ನೂ ನೋಡಿದಳು.

"ಯುವ್ಯಾ. ಎಲ್ಲಿದ್ದಿ ನಿನ್ನೆಯಿಂದ?"

"ಅವ್ವಾ, ಹೊಲದಾಗ... ಕೊಂಪಿಯಾಗ..."

"ನಾ ಇಲ್ಲಿ ದೇವರಿಗಿ ದೀಪಾ ಹಚ್ಚಾಕತ್ತೀನಿ, ಮಗಾ ಆಕಾಶದಾಗ ಹೊಂಟಾನಂತ. ನೀ ಕೊಂಪಿಯಾಗ ಮಲಗೀದಿ?"

ಕಟ್ಟೆಯ ಮೇಲಿನ ಮುದುಕಿ ತೊಗರಿ ಸುಲಿಯುವುದನ್ನು ಬಿಟ್ಟಿರಲಿಲ್ಲ. "ನನ್ನ ಸಾಯಿಸಿ ಬಂದಾನಂತ ಅವ್ವಾ ನಿನ್ನ ಮಗಾ," ಎಂದಳು. "ನೀ ಚಾ ಮಾಡೂ ಮುಂದ ಈ ಡ್ರೈವರಪ್ಪ ಹೇಳಿದಾ. ತಿಥಿಗಿ ಏನ ಮಾಡ್ಸಾಂವಿದ್ದಿಪಾ, ಹೋಳಿಗಿನೋ, ಹುಗ್ಗಿನೋ?"

ಹುಡುಗ ಗಾಡಿಯಿಂದ ಇಳಿದು ತಲೆ ತಗ್ಗಿಸಿದ.

ಅಕ್ಕನಾಗಮ್ಮ ಅವನ ಹತ್ತಿರ ಹೋಗಲಿಲ್ಲ. ದನಿಯನ್ನೂ ಏರಿಸಲಿಲ್ಲ. "ಒಂದು ಹುಡಗಿ ಜೈಲಿಗಿ ಹೋಗಾಕಿದ್ದಾಳ ತಮ್ಮಾ," ಎಂದಳು. "ನಿನ್ನ ಒಂದು ಚೀಲದ ಸಲುವಾಗಿ."

"ಜೈಲಾ?" ಯುವರಾಜ ತಲೆಯೆತ್ತಿದ. "ನಂಗ ಹಂಗ ಹೇಳಿಲ್ಲರಿ! ಕಂಪನಿ ಗುಟ್ಟಿನಾಗ ತಪಾಸ ಮಾಡತೈತಿ ಅಂದ್ರು. ಪ್ರವಾಸಿ ಹತ್ತಲಿಲ್ಲಂದ್ರ ಠಾಣೆಯವ್ರು ಚೀಲಾ ತಗೀತಾರೋ, ಹಂಗಽ ಕಳಸತಾರೋ ನೋಡೂದು. ಅದಽ ನಮ್ಮ ಪರೀಕ್ಷಾ. ಬಾಯಿ ಮುಚ್ಚಿಕೊಂಡು ಮಾಡಿದವ್ರಿಗಿ ನೌಕರಿ. ನಮ್ಮ ಗೋಡೌನದಾಗಿನ ಹುಡಗೂರು ಎಲ್ಲಾರೂ ಹಂಗಽ ತಿಳಕೊಂಡಾರ."

"ನಿನ್ನೆ ಚೀಲಾ ಯಾಕ ಬಿಟ್ಟ ಓಡಿದಿ?"

"ಆ ಮ್ಯಾಡಮ್ ಅಳಾಕತ್ತಿದ್ರು ರೀ. ಗಾಜಿನ ಆಕಡೆ ನಿಂತು, ವಿಮಾನಾ ನೋಡಕೋತ. ಪರೀಕ್ಷಾ ಇದ್ರ ಯಾರಾದ್ರೂ ಹಂಗ ಅಳತಾರ? ನಂಗ ಅಂಜಿಕಿ ಬಂತು. ರಾತ್ರಿ ಫೋನ್ ಮಾಡಿ ಸಾಹೇಬ್ರಿಗಿ ಹೇಳಿದೆ, ಇನ್ನ ನಾನೂ ಬರಾಂಗಿಲ್ಲ, ನಮ್ಮ ಹುಡಗೂರೂ ಬರಾಂಗಿಲ್ಲ ಅಂತ."

"ಏನಂದ್ರು?"

ಯುವರಾಜ ಅವ್ವನ ಮುಖ ನೋಡಿದ.

"ಸಿಟ್ಟಾಗಲಿಲ್ಲ. ಬ್ಯಾಡ ಬಿಡು ಅಂದ್ರು. ನಾಳಿ ಕಡೀ ಪರೀಕ್ಷಾ, ಅದಕ್ಕ ನಾನಽ ಟಿಕೀಟ ತಗದೀನಿ ಅಂದ್ರು."

ಅಕ್ಕನಾಗಮ್ಮ ಆಗಲೇ ಫೋನು ಕಿವಿಗೆ ಹಿಡಿದಿದ್ದಳು.

*

ಬಹಳ ಹೊತ್ತು ಗಂಟೆ ಬಾರಿಸಿತು. ಸಾರಿಕಾ ಎತ್ತಿದಾಗ ಹಿಂದೆ ಗಾಳಿಯ ಸದ್ದಿತ್ತು. ಅವಳು ವಿಮಾನದ ಹತ್ತಿರವೇ ನಿಂತಿದ್ದಳು.

"ಅಕ್ಕಾ, ಇವತ್ತ ಎಲ್ಲಾರೂ ಹತ್ಯಾರ!" ದನಿಯಲ್ಲಿ ಉಸಿರು ಬಂದಿತ್ತು. "ಒಬ್ಬರೂ ಚುಕ್ಕಿಲ್ಲ. ಉದಯಕುಮಾರ ಸಾಹೇಬ್ರ ಒಬ್ಬರಽ ಉಳದಾರ, ಇಲ್ಲೇ ನನ್ನ ಬಾಜೂಕ ನಿಂತಾರ."

"ಅವರ ಚೀಲ ಎಲ್ಲೈತಿ?"

"ಹೊಟ್ಯಾಗ. ಎಲ್ಲಾರಕಿಂತ ಮೊದಲಽ ಕೊಟ್ಟಿದ್ರು."

"ಅವರನ್ನ ಮೊದಲ ಹತ್ತಸು. ಈಗಿಂದೀಗ."

ಸಾರಿಕಾ ಫೋನು ಸರಿಸಿ ಏನೋ ಹೇಳಿದಳು. ಗಂಡಸಿನ ಮೆತ್ತಗಿನ ದನಿಯೊಂದು ಉತ್ತರ ಕೊಟ್ಟಿತು. ಮಾತು ತಿಳಿಯಲಿಲ್ಲ. ಅವಳು ಮತ್ತೆ ಕೇಳಿದಳು. ಮತ್ತೆ ಅದೇ ಮೆತ್ತಗಿನ ದನಿ.

ಅವಳು ತಿರುಗಿ ಫೋನಿಗೆ ಬಂದಳು.

"ಹತ್ತಂಗಿಲ್ಲ ಅಂತಾರ ಅಕ್ಕಾ. ಆಫೀಸಿನಿಂದ ಈಗ ಹುಕುಮ್ ಬಂದೈತಿ ಅಂತ. ಇಲ್ಲೇ ನಿಂತು ನನ್ನ ತಪಾಸ ಮಾಡಬೇಕಂತ."

ಮೈಂದರ್ಗಿಯ ಓಣಿಯಲ್ಲಿ ಸೋಮವ್ವ ಮಗನ ಭುಜ ಹಿಡಿದು ನಿಂತಿದ್ದಳು.

"ಹೊಟ್ಟಿ ಬಾಗಲಾ ತೆರದ್ರ ಪಾಳಿ ಹೋಗತೈತಿ," ಸಾರಿಕಾ ಪಿಸುಗುಟ್ಟಿದಳು. "ತೆರೀದಽ ಬಿಟ್ರ, ಮಾಲಕ ಇಲ್ಲದ ಚೀಲ ಹಾಕಿ ಕಳಿಸಿದ್ಲು ಅಂತ ಇವರಽ ಬರೀತಾರ. ಎರಡರಾಗೂ ನಾ ಸತ್ತೆ. ಪೈಲಟ ಕೇಳಾಕತ್ತಾರ ಅಕ್ಕಾ. ಏನ ಮಾಡ್ಲಿ?"

ಅಕ್ಕನಾಗಮ್ಮ ಕಣ್ಣು ಮುಚ್ಚಿದಳು. ಸುಳ್ಳು ಹೇಳುವವರನ್ನು ಅವಳು ಬಹಳ ನೋಡಿದ್ದಳು. ಇವನು ಸುಳ್ಳಿನ ಮೇಲೆ ಕಾಯ್ದೆಯನ್ನೂ ಹೊದ್ದು, ಅದರ ಒಳಗೇ ನಿಂತು ಬಾಗಿಲು ಹಿಡಿದಿದ್ದ.

"ಒಳಗ ಮಂದಿ ಕುಂತಾರ," ಎಂದಳು. "ಆ ಚೀಲದಾಗ ಏನೈತೋ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ತೆರಿ."

"ಪಾಳಿ ಹೋಗತೈತಿ ಅಕ್ಕಾ."

"ಹೋಗ್ಲಿ. ತೆರಿ ನೀ. ಆ ಸಾಹೇಬ್ರನ್ನ ಗುರ್ತ ಹಿಡಿಯೂ ಸಾಕ್ಷಿ ನನ್ನ ಮುಂದ ನಿಂತೈತಿ. ನಾವು ಈಗಽ ಹೊರಡತೀವಿ."

ಸಾರಿಕಾ ಫೋನು ಬಂದ್ ಮಾಡಲಿಲ್ಲ. ಅವಳು ಹಮಾಲರನ್ನು ಕೂಗಿದ್ದು ಕೇಳಿಸಿತು. ಕಬ್ಬಿಣದ ಬಾಗಿಲು ಕಿರ್ರೆಂದಿತು. ಚೀಲಗಳು ಒಂದೊಂದಾಗಿ ಸಿಮೆಂಟಿನ ಮೇಲೆ ಬೀಳತೊಡಗಿದವು. ಎಲ್ಲೋ ಒಬ್ಬ ಪ್ರವಾಸಿ ಮರಾಠಿಯಲ್ಲಿ ಬಯ್ಯುತ್ತಿದ್ದ. ರಾಚಪ್ಪ ಕಾರು ತಿರುಗಿಸಿ ತಂದ. ಯುವರಾಜನ ಜೊತೆ ಸೋಮವ್ವನೂ ಹತ್ತಿ ಕುಳಿತಳು, ಬೇಡ ಅನ್ನಲು ಯಾರಿಗೂ ಪುರಸೊತ್ತಿರಲಿಲ್ಲ.

"ಸಿಕ್ತು ಅಕ್ಕಾ," ಸಾರಿಕಾಳ ದನಿ. "ಸಾಹೇಬ್ರ ಚೀಲ ಸಿಕ್ತು."

"ಬರೋಬರಿ ಆತು. ಬಾಗಲಾ ಹಾಕಸು, ವಿಮಾನಾ ಬಿಡು. ನೋಡೂಣು."

ಆಚೆ ಇನ್ನೊಂದು ಚೀಲ ಸಿಮೆಂಟಿನ ಮೇಲೆ ಬಿತ್ತು.

"ಸಾರಿಕಾ?"

"ಅದರ ಬೆನ್ನಿಗಿ ಇನ್ನೊಂದು ಚೀಲಾ ಐತಿ ಅಕ್ಕಾ. ಹಮಾಲ ಚೀಟಿ ಓದಿ ನನ್ನ ಮಾರಿ ನೋಡಾಕತ್ತಾನ." ಅವಳು ನಿಧಾನವಾಗಿ, ಒಂದೊಂದೇ ಶಬ್ದ ಹೇಳಿದಳು. "ಚೀಟಿ ಮ್ಯಾಲ ನನ್ನ ಹೆಸರೈತಿ."

"ನೀ ಇವತ್ತ ಹೋಗಾ‌ಕಿದ್ದೇನು?"

"ನಾ ಟಿಕೀಟಽ ತಗದಿಲ್ಲ. ಈ ಚೀಲಾ ನಾ ನೋಡಿಽ ಇಲ್ಲ."

ಬೂಟುಗಳ ಸದ್ದು ಹತ್ತಿರವಾಯಿತು. ನಿಲ್ದಾಣದ ಕಾವಲಿನವನದಿರಬೇಕು, ಗಡಸು ದನಿಯೊಂದು, ಮ್ಯಾಡಮ್, ಚೀಲದಿಂದ ದೂರ ಸರಿಯಿರಿ, ಕೈಯೊಳಗಿನ ಫೋನು ಇತ್ತ ಕೊಡಿ ಎಂದಿತು.

ಫೋನು ನಿಂತಿತು.

ರಾಚಪ್ಪ ಗೇರು ಹಾಕದೆ ಹಿಂದೆ ತಿರುಗಿ ನೋಡಿದ. ಅಕ್ಕನಾಗಮ್ಮ ಆರಿದ ಫೋನನ್ನು ಇನ್ನೂ ಕಿವಿಗೇ ಹಿಡಿದುಕೊಂಡಿದ್ದಳು. ಉದಯಕುಮಾರನಿಗೆ ಬೇಕಾಗಿದ್ದದ್ದು ಪಾಳಿ ತಪ್ಪುವುದೊಂದೇ ಅಲ್ಲ. ಎಲ್ಲರ ಕಣ್ಣೆದುರಿಗೆ ಆ ಬಾಗಿಲು ತೆರೆದು, ಸಾರಿಕಾಳ ಹೆಸರಿನ ಚೀಲ ಹೊರಬೀಳಬೇಕಾಗಿತ್ತು.

ತೆರೆ ಎಂದು ಹೇಳಿದವಳು ಅಕ್ಕನಾಗಮ್ಮ.